ಗ್ರಂಥಪಾಲಕರ ದಿನ, ಲೈಬ್ರರಿಗೆ ಬೀಗ

2024ರ ಆಗಸ್ಟ್ 12, ಸೋಮವಾರ. ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕು ಊರಿನ ಅನುದಾನಿತ ಪದವಿ ಕಾಲೇಜು. ಲೈಬ್ರರಿಗೆ ಬೀಗ ಹಾಕಿದೆ. ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ: ‘ಗ್ರಂಥಪಾಲಕರ ದಿನಾಚರಣೆ ಪ್ರಯುಕ್ತ ಇಂದು ಗ್ರಂಥಾಲಯ ತೆರೆದಿರುವುದಿಲ್ಲ.’ ಮಧ್ಯಾಹ್ನದ ಹೊತ್ತಿಗೆ ಯಾರೋ ಅದರ ಕೆಳಗೆ ನೀಲಿ ಪೆನ್ನಿನಲ್ಲಿ ಬರೆದಿದ್ದರು: ‘ಹಂಗಾದ್ರ ಓದೋರ ದಿನ ಯಾವಾಗ್ರಿ?’

ಆ ಹೊತ್ತಿಗೆ ಅಲ್ಲಿನ ಗ್ರಂಥಪಾಲಕಿ ಕಲಬುರಗಿಯಲ್ಲಿ ಮೈಕ್ ಹಿಡಿದು ವಂದನಾರ್ಪಣೆ ಮಾಡುತ್ತಿದ್ದರು. ವೇದಿಕೆ ಮೇಲೆ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಫೋಟೋ, ಅದಕ್ಕೆ ಸೇವಂತಿಗೆ ಹಾರ. ಅವರ ಜನ್ಮದಿನವನ್ನೇ ಅಲ್ವಾ ನಾವು ಗ್ರಂಥಪಾಲಕರ ದಿನ ಅಂತ ಮಾಡೋದು. ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ‘ಓದುಗರ ಸಮಯ ಉಳಿಸಿ’ ಅನ್ನೋದು ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಅವತ್ತು ಅದರ ಮೇಲೆ ನಾನೇ ಇಪ್ಪತ್ತು ನಿಮಿಷ ಮಾತಾಡಿದ್ದೆ.

ಈ ಪ್ರಕರಣ ಬರೆಯಲು ಆ ಗ್ರಂಥಪಾಲಕಿಯ ಒಪ್ಪಿಗೆ ಇದೆ. ಹೆಸರು, ಊರು, ಕಾಲೇಜು ಬೇಡ ಅಂದಿದ್ದಾರೆ. ಅವರ ಅಟೆಂಡರ್ ಅವರನ್ನು ‘ಅಕ್ಕೋರ’ ಅಂತ ಕರೆಯುತ್ತಾನೆ. ನಾನೂ ಇಲ್ಲಿ ಅಕ್ಕೋರು ಅಂತಲೇ ಬರೆಯುತ್ತೇನೆ.

ಮೊದಲು ಅವರ ಲೈಬ್ರರಿ ಹೇಗಿದೆ ಅಂತ ಹೇಳಬೇಕು. ಒಂದು ಉದ್ದನೆಯ ಹಾಲ್, ಹದಿನಾಲ್ಕು ಸಾವಿರದಷ್ಟು ಪುಸ್ತಕ, ಎರಡು ಕಂಪ್ಯೂಟರ್. ಅದರಲ್ಲಿ ಒಂದು ಆಗಾಗ ಮುನಿಸಿಕೊಳ್ಳುತ್ತದೆ. ಸಿಬ್ಬಂದಿ ಅಂದರೆ ಅಕ್ಕೋರು ಒಬ್ಬರೇ. ಅಟೆಂಡರ್ ಇದ್ದಾನೆ, ಆದರೆ ಅರ್ಧ ದಿನ ಆಫೀಸಿಗೆ, ಅರ್ಧ ದಿನ ಲೈಬ್ರರಿಗೆ. ಪುಸ್ತಕ ತರಿಸೋದು, ಬಿಲ್ ಪಾಸ್ ಮಾಡಿಸೋದು, ಆಕ್ಸೆಷನ್ ರಿಜಿಸ್ಟರ್ ಬರೆಯೋದು, ನಂಬರ್ ಹಾಕೋದು, ಲೇಬಲ್ ಅಂಟಿಸೋದು, ಇಶ್ಯೂ, ರಿಟರ್ನ್, ಬಾಕಿ ಇಲ್ಲ ಅಂತ ಪತ್ರ ಕೊಡೋದು, ಆನ್‌ಲೈನಿನಲ್ಲಿ ಪುಸ್ತಕ, ನಿಯತಕಾಲಿಕ ಓದಲು ಇರುವ ಎನ್‌-ಲಿಸ್ಟ್ ಪಾಸ್‌ವರ್ಡ್ ಮರೆತ ಮೇಷ್ಟ್ರಿಗೆ ಮತ್ತೆ ಪಾಸ್‌ವರ್ಡ್ ಕೊಡಿಸೋದು, ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ವರದಿಯ ನಾಲ್ಕನೇ ಮಾನದಂಡದಲ್ಲಿ ಲೈಬ್ರರಿ ಭಾಗ ತುಂಬೋದು, ಎಲ್ಲಾ ಒಬ್ಬರದ್ದೇ. ದೊಡ್ಡ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಇವಕ್ಕೆ ಒಂದೊಂದು ವಿಭಾಗ ಇರುತ್ತದೆ. ಇಲ್ಲಿ ಎಲ್ಲಾ ವಿಭಾಗಕ್ಕೂ ಒಂದೇ ಕುರ್ಚಿ.

ಒಬ್ಬರೇ ಇರೋದರ ಕಷ್ಟ ಕೆಲಸ ಜಾಸ್ತಿ ಅನ್ನೋದಷ್ಟೇ ಅಲ್ಲ. ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರಿಗೆ ಇನ್ನೊಬ್ಬ ಇತಿಹಾಸದ ಮೇಷ್ಟ್ರು ಸಿಗುತ್ತಾರೆ. ಒಂದು ಪುಸ್ತಕಕ್ಕೆ ಯಾವ ವರ್ಗ ಸಂಖ್ಯೆ ಕೊಡಬೇಕು ಅಂತ ಅಕ್ಕೋರು ಆ ಕಟ್ಟಡದಲ್ಲಿ ಯಾರನ್ನು ಕೇಳಬೇಕು? ಅವರು ಸಂಘಕ್ಕೆ ಬಂದದ್ದೇ ಇದಕ್ಕಾಗಿ. ನಮ್ಮ ಕಡೆಯ ಪದವಿ ಕಾಲೇಜು ಗ್ರಂಥಪಾಲಕರ ಒಂದು ಸಣ್ಣ ಸಂಘ ಅದು. ನಾನು ಆಗ ಅಧ್ಯಕ್ಷ, ನಿವೃತ್ತಿ ಆಗಿ ಎರಡು ವರ್ಷ ಆಗಿತ್ತು. ಕಾರ್ಯದರ್ಶಿ ಜಾಗ ಖಾಲಿ ಇತ್ತು. ‘ನಾ ಒಬ್ಬಾಕೇನೇ ಅದೀನ್ರಿ ಸರ್ ಅಲ್ಲಿ, ಆಗೂದಿಲ್ಲ’ ಅಂದರು ಅಕ್ಕೋರು. ‘ಏನ್ ಕೆಲಸ ಇರ್ತದವಾ, ಸುಮ್ನ ಹೆಸರಿಗೆ’ ಅಂದೆ ನಾನು.

ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಸಂಘಗಳ ನೋಂದಣಿ ಕಾಯ್ದೆ 1960ರದ್ದು. ಅದರ ಪ್ರಕಾರ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗಬೇಕು, ಲೆಕ್ಕಪತ್ರ ಆಡಿಟ್ ಆಗಬೇಕು, ಪದಾಧಿಕಾರಿಗಳ ಪಟ್ಟಿ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ನಡಾವಳಿ ಬರೆಯೋದು, ಚಂದಾ ವಸೂಲಿ, ರಸೀದಿ, ಕಾರ್ಯಾಗಾರಕ್ಕೆ ಹಾಲ್ ಹುಡುಕೋದು, ಊಟದವರಿಗೆ ಎಲೆ ಲೆಕ್ಕ ಹೇಳೋದು ಬೇರೆ. ಸಣ್ಣ ಸಂಘಗಳಲ್ಲಿ ಅಧ್ಯಕ್ಷ ಶಾಲು ಹೊದ್ದುಕೊಳ್ಳುತ್ತಾನೆ, ಕಾರ್ಯದರ್ಶಿ ಶಾಲು ಕೊಂಡು ತರುತ್ತಾರೆ.

ಆಗಸ್ಟ್ ಘಟನೆಗೆ ಮರಳುತ್ತೇನೆ. ಹೊಸ ಸೆಮಿಸ್ಟರ್‌ನ ಪಠ್ಯಪುಸ್ತಕಕ್ಕೆ ಮಕ್ಕಳು ಮುಗಿಬೀಳುವ ಕಾಲ. ಅದರ ಮೇಲೆ ಪಿಡಿಒ ಪರೀಕ್ಷೆಗೆ ಓದುವವರು. ಸುತ್ತಲಿನ ಹಳ್ಳಿಗಳಿಂದ ಬಸ್ಸಿಗೆ ಬಂದು ಲೈಬ್ರರಿಯಲ್ಲಿ ಕೂತು, ಸಂಜೆ ಬಸ್ಸಿಗೆ ಹೋಗುವ ಹುಡುಗಿಯರು. ಅವರ ಮನೆಯಲ್ಲಿ ಓದಲು ಜಾಗ ಇರಲ್ಲ, ಇದ್ದರೂ ಯಾರೂ ಬಿಡಲ್ಲ. ಬೀಗ ನೋಡಿದ ಮೇಲೆ ಅವರಲ್ಲಿ ಇಬ್ಬರು ನೇರ ಪ್ರಿನ್ಸಿಪಾಲ್ ಚೇಂಬರಿಗೆ ಹೋದರು. ಸಂಘದ ಕೆಲಸಕ್ಕೆ ಅಕ್ಕೋರು ಹೊರಗೆ ಹೋಗಿದ್ದು ಆ ವರ್ಷ ಅದು ಐದನೇ ಸಲ. ಎರಡು ದಿನಕ್ಕೆ ಮೆಮೊ ಬಂತು: ‘ಗ್ರಂಥಾಲಯ ಸೇವೆಗೆ ಅಡಚಣೆಯಾಗಿರುವ ಬಗ್ಗೆ ವಿವರಣೆ ನೀಡುವುದು.’ ಓಓಡಿ, ಅಂದರೆ ಕರ್ತವ್ಯದ ಮೇಲೆ ಹೊರಗೆ ಹೋಗಲು ಅನುಮತಿ, ಮಂಜೂರು ಮಾಡಿದ್ದೂ ಅದೇ ಪ್ರಿನ್ಸಿಪಾಲ್. ಆದರೆ ಅವರನ್ನು ಬೈಯಲು ನನಗೆ ಬಾಯಿ ಬರಲ್ಲ. ಓಓಡಿ ಅಂದರೆ ಕಡತದಲ್ಲಿ ಕರ್ತವ್ಯ, ಬಾಗಿಲ ಮುಂದೆ ನಿಂತ ಹುಡುಗಿಗೆ ಬರೀ ಬೀಗ.

ಆ ಹಾಳೆ ಕಿತ್ತು ತನ್ನ ಡ್ರಾಯರಿನಲ್ಲಿಟ್ಟು ಅಕ್ಕೋರು ನನಗೆ ಫೋನ್ ಮಾಡಿದರು. ‘ರಾಜೀನಾಮೆ ಬರ್ದಿಟ್ಟೀನ್ರಿ ಸರ್. ನಾಳೆ ಪೋಸ್ಟ್ ಮಾಡ್ತೀನಿ.’

ನಾನು ಸಮಾಧಾನ ಹೇಳಲಿಲ್ಲ. ಹೇಳುವ ಮುಖ ಇರಲಿಲ್ಲ. ಒಂದೇ ಕೇಳಿಕೊಂಡೆ: ಮೂರು ವಾರ ತಡೀರಿ, ಅಷ್ಟು ದಿನ ಸಂಘದ ಕೆಲಸಕ್ಕೆ ಎಷ್ಟೆಷ್ಟು ಹೊತ್ತು ಹೋಗುತ್ತೆ ಬರೆದಿಡಿ. ದೂರ ಓಡಾಡೋದೇ ತೊಂದರೆ ಅಂತ ಆಗ ಇಬ್ಬರೂ ಅಂದುಕೊಂಡಿದ್ದೆವು. ಅವರ ಊರಿಂದ ಕಲಬುರಗಿಗೆ ಬಂದು ಹೋಗೋದರಲ್ಲಿ ಒಂದು ದಿನ ಮುಗಿಯುತ್ತದೆ. ಬೆಂಗಳೂರಿನಲ್ಲಿ ರಾಜ್ಯಮಟ್ಟದ ಸಭೆ ಅಂದರೆ ಸೊಲ್ಲಾಪುರ–ಹಾಸನ ರೈಲಿನಲ್ಲಿ ಒಂದು ರಾತ್ರಿ ಹೋಗೋದು, ಒಂದು ರಾತ್ರಿ ಬರೋದು, ನಡುವೆ ಒಂದು ದಿನ. ದೂರ ಕಡಿಮೆ ಮಾಡಿದರೆ ಎಲ್ಲಾ ಸರಿಹೋಗುತ್ತೆ ಅನ್ನೋ ಲೆಕ್ಕ.

ಅವರು ಹಳೇ ಇಶ್ಯೂ ರಿಜಿಸ್ಟರಿನ ಹಿಂದಿನ ಪುಟಗಳಲ್ಲಿ ಗೆರೆ ಹೊಡೆದು ಬರೆದಿಟ್ಟರು. ಸೆಪ್ಟೆಂಬರಿನ ಒಂದು ಗುರುವಾರದ ಪುಟ ಹೀಗಿದೆ:

‘10-40: ಆಡಿಟರ್ ಫೋನ್, ಹೋದ ವರ್ಷದ ವೋಚರ್ ಎಲ್ಲಿ ಅಂತ. 6 ನಿಮಿಷ. 11-20: ಬೀದರ್‌ನಿಂದ, ಚಂದಾ ರಸೀದಿ ಬಂದಿಲ್ಲ. 4 ನಿಮಿಷ. ಎದುರಿಗೆ ಮೂವರು. 11-50: ಅಧ್ಯಕ್ಷರು, ಆಮಂತ್ರಣದಲ್ಲಿ ಹೆಸರು ಮೇಲೆ ಕೆಳಗೆ ಆಗಿದೆ. 9 ನಿಮಿಷ. 12-30: ಗ್ರೂಪ್‌ನಲ್ಲಿ 41 ಮೆಸೇಜ್, ಎಲ್ಲಾ ಹುಟ್ಟುಹಬ್ಬದ್ದು, ಒಂದು ಕೆಲಸದ್ದು ಹುಡುಕಬೇಕಾಯ್ತು. 3-15: ಅಧ್ಯಕ್ಷರು, ಅದೇ ಹೆಸರು.’

ಆ ಅಧ್ಯಕ್ಷರು ನಾನೇ.

ಮೂರು ವಾರದಲ್ಲಿ ಅವರು ಲೈಬ್ರರಿ ಬಿಟ್ಟು ಹೋದದ್ದು ಒಂದೇ ದಿನ. ಆದರೆ ಕೌಂಟರಿನಲ್ಲಿ ಕೂತೇ ಸಂಘದ ಕೆಲಸ ಮಾಡಿದ ತುಣುಕುಗಳನ್ನು ಕೂಡಿಸಿದರೆ ಸುಮಾರು ಎರಡೂವರೆ ದಿನದಷ್ಟು ಹೊತ್ತು. ಬೀಗ ಹಾಕಿದ ದಿನ ಎಲ್ಲರಿಗೂ ಕಾಣುತ್ತದೆ, ಮೆಮೊ ಬರುತ್ತದೆ. ಬಾಗಿಲು ತೆರೆದಿಟ್ಟು ಮನಸ್ಸು ಬೇರೆ ಕಡೆ ಇರೋದು ಯಾರಿಗೂ ಕಾಣಲ್ಲ.

ಅದನ್ನು ಕಾಣಿಸಿಕೊಟ್ಟದ್ದು ಒಬ್ಬ ಹುಡುಗ. ಮೇಲೆ ಬರೆದ ಗುರುವಾರವೇ ಅವನು ಒಂದು ಕಾದಂಬರಿ ವಾಪಸ್ ಕೊಟ್ಟಿದ್ದ. ವಾರ ಬಿಟ್ಟು ಟಿಸಿ ತಗೊಳ್ಳಲು ಬಾಕಿ ಇಲ್ಲ ಪತ್ರ ಕೇಳಿದಾಗ ಕಂಪ್ಯೂಟರಿನಲ್ಲಿ ಆ ಪುಸ್ತಕ ಅವನ ಹೆಸರಿನಲ್ಲೇ ಇತ್ತು. ‘ಕೊಟ್ಟೀನ್ರಿ ಮೇಡಂ.’ ‘ಇಲ್ಲೋ, ತೋರ್ಸಾಕತ್ತದ ನೋಡು.’ ‘ಹಂಗಾದ್ರ ನಾ ಏನ್ ಕಳ್ಳ ಏನ್ರಿ?’ ಹುಡುಗನ ಕಣ್ಣಲ್ಲಿ ನೀರು. ಅಕ್ಕೋರು ಎದ್ದು ಕನ್ನಡ ಸಾಹಿತ್ಯದ ವರ್ಗ ಸಂಖ್ಯೆ 894.814ರ ಕಪಾಟಿಗೆ ಹೋಗಿ ನೋಡಿದರು. ಪುಸ್ತಕ ಅದರ ಜಾಗದಲ್ಲೇ ಕೂತಿತ್ತು. ಅಟೆಂಡರ್ ಟ್ರಾಲಿಯಿಂದ ತೆಗೆದು ಸರಿಯಾಗಿಯೇ ಇಟ್ಟಿದ್ದ. ಬಾರ್‌ಕೋಡ್ ಸ್ಕ್ಯಾನ್ ಮಾಡಬೇಕಿದ್ದ ಅಕ್ಕೋರು ಮಾಡಿರಲಿಲ್ಲ. ಎಷ್ಟು ಹೊತ್ತಿಗೆ ಕೊಟ್ಟೆ ಅಂತ ಕೇಳಿದರು. ‘ಹನ್ನೊಂದೂವರಿ ಒಳಗ್ರಿ, ನೀವು ಫೋನಿನ್ಯಾಗ ರಸೀದಿ ರಸೀದಿ ಅಂತಿದ್ರಿ.’

ಇದನ್ನು ಹೇಳುವಾಗ ಅಕ್ಕೋರ ದನಿ ಮೆಮೊ ಬಗ್ಗೆ ಹೇಳಿದಾಗಿನಕ್ಕಿಂತ ಕೆಳಗಿತ್ತು.

ಇಷ್ಟಾದ ಮೇಲೆ ರಾಜೀನಾಮೆ ಕೊಟ್ಟುಬಿಡೋದೇ ಸರಿ ಅಂತ ಯಾರಾದರೂ ಅಂದರೆ ನಾನು ಜಗಳ ಆಡಲ್ಲ. ನನಗೂ ಹಾಗೇ ಅನಿಸಿತ್ತು. ಬೇಡ ಅಂದವರು ಅಕ್ಕೋರೇ. ಎರಡು ಕಾರಣ ಹೇಳಿದರು.

ಒಂದು, ನುಡಿ ಫಾಂಟ್. ಅವರಿಗಿಂತ ಹಿಂದೆ ಇದ್ದವರು ಕನ್ನಡ ಪುಸ್ತಕಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಹಳೇ ನುಡಿ ಅಕ್ಷರದಲ್ಲಿ ಟೈಪ್ ಮಾಡಿಸಿಟ್ಟಿದ್ದರು. ಅದು ಯೂನಿಕೋಡ್ ಅಲ್ಲ. ಲೈಬ್ರರಿ ಕೆಲಸಕ್ಕೆ ಬಳಸುವ ಸೋಲ್ ತಂತ್ರಾಂಶಕ್ಕೆ ಹಾಕಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿದ ಚಿತ್ರಾನ್ನ. ಹುಡುಕಿದರೆ ಒಂದೂ ಸಿಗಲ್ಲ. ಸಾವಿರಾರು ಹೆಸರು ಮತ್ತೆ ಟೈಪ್ ಮಾಡಬೇಕು ಅಂತ ಅಕ್ಕೋರು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಸಂಘದ ಸಭೆಯ ಊಟದ ಸಾಲಿನಲ್ಲಿ ಬೀದರ್ ಕಡೆಯ ಒಬ್ಬ ಗ್ರಂಥಪಾಲಕರು ಸಿಕ್ಕರು. ‘ಮತ್ತ ಯಾಕ ಟೈಪ್ ಮಾಡ್ತೀರಿ, ಕನ್ವರ್ಟರ್ ಅದ ಅಲ್ರಿ’ ಅಂದರು. ಎರಡು ಸಂಜೆ ಫೋನಿನಲ್ಲೇ ಕೂತು ಹೇಳಿಕೊಟ್ಟರು. ಮೊದಲು ಐವತ್ತು ಹೆಸರು ಬದಲಿಸಿ ನೋಡಿ, ಒತ್ತಕ್ಷರ ಅರ್ಕಾವತ್ತು ಎಡವಟ್ಟಾಗಿದೆಯಾ ಪರೀಕ್ಷಿಸಿ, ಆಮೇಲೆ ಉಳಿದದ್ದು. ಮೂಲ ಫೈಲಿನ ಪ್ರತಿ ಬೇರೆ ಪೆನ್‌ಡ್ರೈವ್‌ನಲ್ಲಿ ಇರಲಿ. ‘ಇದು ನನಗ ಬ್ಯಾರೆ ಯಾರ ಹತ್ರ ಸಿಗ್ತಿತ್ರಿ ಸರ್?’ ಅಂತ ಕೇಳಿದರು ಅಕ್ಕೋರು.

ಎರಡನೆಯದು ಬಡ್ತಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಗಳಲ್ಲಿ ಗ್ರಂಥಪಾಲಕರ ಮೌಲ್ಯಮಾಪನಕ್ಕೆ ಒಂದು ಕೋಷ್ಟಕ ಇದೆ. ಅದರ ಮೊದಲ ಸಾಲು ಲೈಬ್ರರಿಗೆ ಹಾಜರಿ: ಶೇಕಡ 90 ಅಥವಾ ಮೇಲಿದ್ದರೆ ಉತ್ತಮ, 80ರಿಂದ 90ರ ಒಳಗಿದ್ದರೆ ತೃಪ್ತಿಕರ, ಅದಕ್ಕೂ ಕೆಳಗಿದ್ದರೆ ತೃಪ್ತಿಕರ ಅಲ್ಲ. ಅದೇ ಕೋಷ್ಟಕದಲ್ಲಿ ಇನ್ನೊಂದು ಸಾಲು: ಗ್ರಂಥಾಲಯಕ್ಕೆ ಸಂಬಂಧಿಸಿದ ಸೆಮಿನಾರ್, ಕಾರ್ಯಾಗಾರ ನಡೆಸಿದ್ದೀರಾ? ಮೊದಲ ಹಂತದ ಬಡ್ತಿಗೆ 21 ದಿನದ ಓರಿಯೆಂಟೇಷನ್ ಕೋರ್ಸ್, ಜೊತೆಗೆ ಆಟೊಮೇಷನ್ ಕುರಿತು ಕನಿಷ್ಠ 5 ದಿನದ ತರಬೇತಿ ಬೇರೆ. ಹತ್ತು ಜನ ಸಿಬ್ಬಂದಿ ಇರುವ ಕಡೆ ಈ ಸಾಲುಗಳು ಒಂದಕ್ಕೊಂದು ಅಡ್ಡ ಬರಲ್ಲ. ಒಬ್ಬರೇ ಇದ್ದರೆ ಒಂದು ಸಾಲು ಕುರ್ಚಿ ಬಿಡಬೇಡ ಅನ್ನುತ್ತೆ, ಇನ್ನೊಂದು ಸಾಲು ಎದ್ದು ಹೋಗು ಅನ್ನುತ್ತೆ. ಕೋಷ್ಟಕ ಮಾಡಿದವರ ಕಣ್ಣಿಗೆ ನಮ್ಮ ತಾಲ್ಲೂಕಿನ ಕಾಲೇಜು ಬಿದ್ದಂತಿಲ್ಲ. ಅಕ್ಕೋರಂಥವರಿಗೆ ಕಾರ್ಯಾಗಾರ ನಡೆಸಲು ಇರುವ ಸುಲಭದ ದಾರಿ ಸಂಘವೇ.

ದಸರಾ ರಜೆಯಲ್ಲಿ ಕಲಬುರಗಿಯ ನಮ್ಮ ಮನೆಯಲ್ಲಿ ಕೂತೆವು. ನನ್ನ ಹೆಂಡತಿ ಮಾಡಿದ ಸುಸಲಾ, ಮಿರ್ಚಿ ನಡುವೆ ಇಟ್ಟುಕೊಂಡು ಕಾರ್ಯದರ್ಶಿಯ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆವು. ಪ್ರತಿಯೊಂದರ ಮುಂದೆ ಅಕ್ಕೋರು ಒಂದೇ ಪ್ರಶ್ನೆ ಹಾಕಿದರು: ಇದರಿಂದ ನನ್ನ ಲೈಬ್ರರಿಗೆ ಏನು ಬರುತ್ತೆ? ಆಮಂತ್ರಣ ಪತ್ರಿಕೆಯಿಂದ ಏನೂ ಬರಲ್ಲ. ಚಂದಾ ರಸೀದಿಯಿಂದ ಬರಲ್ಲ. ಕಾರ್ಯಾಗಾರದ ವಿಷಯ ಯಾವುದು, ಯಾರನ್ನು ಕರೆಯಬೇಕು ಅನ್ನೋದರಿಂದ ಬರುತ್ತೆ. ಪ್ರಶ್ನೆ ಸ್ವಾರ್ಥದ್ದು ಅಂತ ನನಗೆ ಒಂದು ಗಳಿಗೆ ಅನಿಸಿತು. ನಾನು ಇಷ್ಟು ವರ್ಷ ಸಂಘದಲ್ಲಿ ಈ ಪ್ರಶ್ನೆ ಯಾಕೆ ಕೇಳಲಿಲ್ಲ ಅಂತಲೂ ಅನಿಸಿತು.

ಕೊನೆಗೆ ಆಗಿದ್ದು ಇಷ್ಟು. ಚಂದಾ, ರಸೀದಿ, ಆಡಿಟ್ ಕೆಲಸ ನನಗೆ ಬಂತು. ನಿವೃತ್ತನಿಗೆ ಬಿಡುವು ಬಿಟ್ಟರೆ ಬೇರೆ ಏನಿದೆ? ಕಾರ್ಯದರ್ಶಿ ಅನ್ನೋ ಹೆಸರು ಕಲಬುರಗಿಯಲ್ಲೇ ಇರುವ, ಮೂವರು ಸಿಬ್ಬಂದಿ ಇರುವ ಇನ್ನೊಬ್ಬರಿಗೆ ಹೋಯಿತು. ಅಕ್ಕೋರು ತರಬೇತಿ ಮಾತ್ರ ಇಟ್ಟುಕೊಂಡರು, ವರ್ಷಕ್ಕೆ ಎರಡೇ ಕಾರ್ಯಾಗಾರ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆ ತನಕ ಸಂಘದ ಫೋನ್ ಎತ್ತಲ್ಲ ಅಂತ ಗ್ರೂಪ್‌ನಲ್ಲಿ ಹಾಕಿದರು. ಇಬ್ಬರು ಹಿರಿಯ ಸದಸ್ಯರು ಬೇಜಾರು ಮಾಡಿಕೊಂಡರು. ‘ಭಾಳ ದೊಡ್ಡವರಾದ್ರು’ ಅನ್ನೋ ಮಾತೂ ನನ್ನ ಕಿವಿಗೆ ಬಿತ್ತು.

ದಿನಾಂಕ ಗೊತ್ತು ಮಾಡೋದು ಬೇರೆಯದೇ ತಲೆನೋವು. ಹಿಂದೆ ನಮ್ಮ ಕಡೆಯ ಕಾಲೇಜುಗಳೆಲ್ಲ 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗೇ ಇದ್ದವು. ಪರೀಕ್ಷೆ, ರಜೆ ಎಲ್ಲಾ ಒಂದೇ ಸಲ. ಈಗ ಯಾದಗಿರಿಯವರು ರಾಯಚೂರಿನ ವಿಶ್ವವಿದ್ಯಾಲಯ, ಬೀದರ್‌ನವರು ಬೀದರ್ ವಿಶ್ವವಿದ್ಯಾಲಯ. ಒಬ್ಬರಿಗೆ ಬಿಡುವಿದ್ದಾಗ ಇನ್ನೊಬ್ಬರಿಗೆ ಪರೀಕ್ಷೆ. ಅಕ್ಕೋರು ಜೂನ್‌ನಲ್ಲೇ ವರ್ಷದ ಎರಡು ದಿನಾಂಕ ಹಾಕಿ ಪ್ರಿನ್ಸಿಪಾಲರಿಗೆ ಪತ್ರ ಕೊಡುವುದು, ಬದಲಾದರೆ ತಾನು ಹೋಗುವುದಿಲ್ಲ ಅಂತ ಅದರಲ್ಲೇ ಬರೆಯುವುದು ಅಂತ ಆಯಿತು.

ಇವೆಲ್ಲ ಹೇಳಿದಷ್ಟೇ ಸುಲಭವಾಗಿ ಆದವು. ಆಗದೆ ಸತಾಯಿಸಿದ್ದು ಬೀಗ.

ಅವರಿಲ್ಲದ ದಿನ ಅಟೆಂಡರ್ ಬಾಗಿಲು ತೆಗೆಯಲಿ ಅಂತ ಅಕ್ಕೋರು ಕೇಳಿದರು. ‘ಪುಸ್ತಕ ಹೋದ್ರ ಜವಾಬ್ದಾರಿ ಯಾರದು?’ ಅಂದರು ಪ್ರಿನ್ಸಿಪಾಲ್. ಅಟೆಂಡರ್ ನಾನಲ್ಲ ಅಂದ. ಅವನದ್ದು ತಪ್ಪಲ್ಲ. ಕಳೆದ ಪುಸ್ತಕದ ದುಡ್ಡು ಸಂಬಳದಲ್ಲಿ ಮುರಿಯುತ್ತಾರೆ ಅನ್ನೋ ಹೆದರಿಕೆ ನಮ್ಮ ವೃತ್ತಿಯವರಿಗೆ ಹುಟ್ಟಿನಿಂದ ಬಂದದ್ದು. ಸ್ಟಾಕ್ ವೆರಿಫಿಕೇಷನ್ ಅಂದರೆ ಈಗಲೂ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ. ಪುಸ್ತಕ ಬಳಸಲಿಕ್ಕೆ ಇರೋದು ಅನ್ನೋದು ರಂಗನಾಥನ್ ಅವರ ಮೊದಲ ಸೂತ್ರ. ಬಳಸಿದರೆ ಕಳೆಯುತ್ತೆ, ಕಳೆದರೆ ಕಟ್ಟಬೇಕು ಅನ್ನೋದು ನಮ್ಮ ಕಚೇರಿಗಳ ಸೂತ್ರ.

ದಾರಿ ಸಿಕ್ಕಿದ್ದು ಆ ಉದ್ದನೆಯ ಹಾಲ್‌ನಲ್ಲಿ. ಮುಂದಿನ ಮೂರನೇ ಒಂದು ಭಾಗದಲ್ಲಿ ಓದುವ ಮೇಜುಗಳು, ಹಿಂದೆ ಕಪಾಟುಗಳು. ನಡುವೆ ಒಂದು ಕಬ್ಬಿಣದ ಗ್ರಿಲ್ ಬಾಗಿಲು ಹಾಕಿಸಿದರೆ ಹಿಂದಿನದ್ದಕ್ಕೆ ಬೀಗ ಹಾಕಿ ಮುಂದಿನದ್ದು ತೆರೆದಿಡಬಹುದು. ಕಾಲೇಜಿನ ಪರ್ಚೇಸ್ ಕಮಿಟಿ ಇದಕ್ಕೆ ಮೂರು ಕೊಟೇಷನ್ ಕೇಳಿ, ಎರಡು ಸಲ ಸಭೆ ಮುಂದೂಡಿ, ಕೊನೆಗೆ ಫೆಬ್ರವರಿಯಲ್ಲಿ ಒಪ್ಪಿತು. ಅಕ್ಕೋರು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ ನೂರೈವತ್ತನ್ನು ಆರಿಸಿ, ಬೆನ್ನಿಗೆ ಕೆಂಪು ಪಟ್ಟಿ ಅಂಟಿಸಿ, ಮುಂದಿನ ಒಂದು ಕಪಾಟಿನಲ್ಲಿ ಇಟ್ಟರು. ಕೆಂಪು ಪಟ್ಟಿಯ ಪುಸ್ತಕ ಮನೆಗಿಲ್ಲ, ಅಲ್ಲೇ ಓದಬೇಕು. ಅಟೆಂಡರ್ ಬೆಳಿಗ್ಗೆ ನೂರೈವತ್ತು ಎಣಿಸಬೇಕು, ಸಂಜೆ ನೂರೈವತ್ತು ಎಣಿಸಬೇಕು. ಹದಿನಾಲ್ಕು ಸಾವಿರಕ್ಕೆ ಹೆದರಿದವನು ನೂರೈವತ್ತಕ್ಕೆ ಒಪ್ಪಿದ. ಈ ಉಪಾಯ ನನ್ನದಲ್ಲ, ಸಂಘದ ಯಾರದ್ದೂ ಅಲ್ಲ. ಇದು ಅಕ್ಕೋರಿಗೇ ಹೊಳೆದದ್ದು, ಅಟೆಂಡರ್ ಜೊತೆ ಚಹಾ ಕುಡಿಯುವಾಗ.

ಏಪ್ರಿಲ್‌ನಲ್ಲಿ ಈ ವ್ಯವಸ್ಥೆಗೆ ಮೊದಲ ಪರೀಕ್ಷೆ. ಬಿಸಿಲಿಗೆ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಗುವ ಕಾಲ. ಅಕ್ಕೋರು ಯೂನಿಕೋಡ್ ಕಾರ್ಯಾಗಾರಕ್ಕೆ ಕಲಬುರಗಿಗೆ ಬಂದಿದ್ದರು. ಅದರಲ್ಲಿ ಅವರೇ ಪಾಠ ಹೇಳಿದರು: ನುಡಿಯಿಂದ ಯೂನಿಕೋಡ್‌ಗೆ ಹೋಗುವಾಗ ಎಲ್ಲೆಲ್ಲಿ ಕೆಡುತ್ತೆ ಅಂತ ತಮ್ಮದೇ ಪಟ್ಟಿ ಪರದೆ ಮೇಲೆ ಹಾಕಿ ತೋರಿಸಿದರು. ಮಧ್ಯೆ ಅಟೆಂಡರ್‌ನಿಂದ ಒಂದು ಮೆಸೇಜ್ ಬಂತು: ‘149’. ಅಕ್ಕೋರ ಮುಖ ಬಿಳುಚಿತು. ಅರ್ಧ ಗಂಟೆ ಬಿಟ್ಟು ಇನ್ನೊಂದು: ‘ಸಿಕ್ತರಿ, ಫ್ಯಾನಿನ ಗಾಳಿಗೆ ಹಾಳಿ ಹಾರ್ತಾವಂತ ಒಬ್ಬಾಕಿ ಮ್ಯಾಲ ಇಟ್ಟಿದ್ಲು.’

ಆಗದೇ ಉಳಿದದ್ದೂ ಇದೆ. ಸಂಘದ ವಾರ್ತಾಪತ್ರ ಅಕ್ಕೋರು ಬಿಟ್ಟ ಮೇಲೆ ನಿಂತೇ ಹೋಯಿತು. ಅದನ್ನು ಓದುತ್ತಿದ್ದವರು ಕೇಳಿದರು, ಮಾಡುತ್ತೇನೆ ಅಂತ ಯಾರೂ ಹೇಳಲಿಲ್ಲ. ಪ್ರಯಾಣದ ಖರ್ಚು ಕಾಲೇಜು ಕೊಡಲ್ಲ, ಸಂಘದ ಹತ್ತಿರ ಇಲ್ಲ, ಅಕ್ಕೋರ ಕೈಯಿಂದಲೇ ಹೋಗುತ್ತೆ. ಮೆಮೊ ಇನ್ನೂ ಅವರ ಕಡತದಲ್ಲಿದೆ. ವಿವರಣೆ ಕೊಟ್ಟಿದ್ದಾರೆ, ಅದರ ಮೇಲೆ ‘ನೋಡಲಾಗಿದೆ’ ಅಂತ ಬರೆದು ಸಹಿ ಆಗಿದೆ, ಅಷ್ಟೇ. ಮನೆಯ ವಿಷಯ ನಾನು ಕೇಳಲಿಲ್ಲ. ನಾಲ್ಕೂವರೆ ಮೇಲೆ ಫೋನ್ ಎತ್ತುತ್ತಾರೆ ಅಂದರೆ ಆ ಹೊತ್ತು ಮನೆಯವರದ್ದು ಅಂತ ನನಗೆ ಹೊಳೆದದ್ದು ಬಹಳ ತಡವಾಗಿ.

2025ರಲ್ಲಿ ಗ್ರಂಥಪಾಲಕರ ದಿನವನ್ನು ಸಂಘ ಆಗಸ್ಟ್ 10, ಭಾನುವಾರವೇ ಮಾಡಿತು. ಹಾರ, ಫೋಟೋ ಎಲ್ಲಾ ಅದೇ. ಭಾಷಣ ಮಾತ್ರ ನಾನು ಮಾಡಲಿಲ್ಲ. 12ರಂದು ಮಂಗಳವಾರ ಅಕ್ಕೋರು ತಮ್ಮ ಕೌಂಟರಿನಲ್ಲಿದ್ದರು. ಹೋದ ವರ್ಷದ ಹಾಳೆ ಈಗಲೂ ಡ್ರಾಯರಿನಲ್ಲಿದೆಯಂತೆ, ನೀಲಿ ಪೆನ್ನಿನ ಸಾಲಿನ ಸಮೇತ. ಬರೆದದ್ದು ಯಾರು ಅಂತ ಅವರಿಗೆ ಗೊತ್ತು, ಅವಳಿಗೆ ಹೇಳಿಲ್ಲ.

ನನ್ನ ಅವಧಿ ಮುಗಿಯಿತು. ಮುಂದಿನ ಅಧ್ಯಕ್ಷರು ಅಕ್ಕೋರೇ ಆಗಲಿ ಅಂತ ಬೀದರ್‌ನವರು, ಕಲಬುರಗಿಯವರು ಎಲ್ಲಾ ಹೇಳುತ್ತಿದ್ದಾರೆ. ಅವರನ್ನು ಒಪ್ಪಿಸುವ ಕೆಲಸ ನನಗೇ ಹಚ್ಚಿದ್ದಾರೆ. ಮೊನ್ನೆ ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದವನಿಗೆ ನೆನಪಾಗಿ ಫೋನ್ ಹಚ್ಚಿದೆ. ಒಂದು ಸಲ ಪೂರ್ತಿ ರಿಂಗ್ ಆಯಿತು. ಇನ್ನೊಂದು ಸಲ ಹಚ್ಚಿದೆ. ಗೋಡೆ ಗಡಿಯಾರ ನೋಡಿದರೆ ಮೂರೂಕಾಲು. ಅವರು ಎತ್ತಲಿಲ್ಲ.